ಯಾರು ಕಡಿಯಬೇಕು ಆ ಪೊದೆ?

ಟೈಲರಮ್ಮನಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಒಳಕೋಣೆಯಲ್ಲಿ ಅತ್ತೆ ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡು ನರಳುತ್ತಿದ್ದರು. ಬಾಗಿಲ ಬಳಿ ಅವರ ಇಬ್ಬರು ಗಂಡುಮಕ್ಕಳು, ಅಂದರೆ ಟೈಲರಮ್ಮನ ಗಂಡ ವೆಲ್ಡರ್ ಮತ್ತು ಮೈದುನ ಬಸ್ ಡ್ರೈವರ್, ತಪ್ಪು ಯಾರದೆಂದು ಕಿತ್ತಾಡುತ್ತಿದ್ದರು.

ಇಬ್ಬರ ಮನೆಗಳ ನಡುವೆ ಅಪ್ಪ ಬಿಟ್ಟುಹೋದ ಖಾಲಿ ಜಾಗವಿದೆ. ಇನ್ನೂ ಪಾಲಾಗಿಲ್ಲ, ಪೊದೆ ತುಂಬಿಕೊಂಡಿದೆ. ಅದನ್ನು ಕಡಿಯಲು ಅಣ್ಣ ಕತ್ತಿ ಹಿಡಿದರೆ ಜಾಗ ಹೊಡೆಯಲು ಬಂದನೆಂದು ತಮ್ಮನ ಗುಮಾನಿ. ತಮ್ಮ ಹಿಡಿದರೆ ಅಣ್ಣನಿಗೂ ಅದೇ ಗುಮಾನಿ. ಹಾಗಾಗಿ ಇಬ್ಬರೂ ಕೈಕಟ್ಟಿ ಕೂತರು. ಪೊದೆ ಕೂರಲಿಲ್ಲ. ಬೇಲಿ ಹಾರಿ, ಕಾಲುದಾರಿ ನುಂಗಿ, ರಸ್ತೆಯ ತಿರುವನ್ನೇ ಮುಚ್ಚಿತು. ಬೆಳಗಿನ ಊಟ ದೊಡ್ಡ ಮಗನ ಮನೆಯಲ್ಲಿ, ಸಂಜೆಯದು ಚಿಕ್ಕವನ ಮನೆಯಲ್ಲಿ ಎಂದು ಓಡಾಡುವ ಅತ್ತೆ ರಸ್ತೆಗಿಳಿದೇ ನಡೆಯಬೇಕಾಯಿತು. ನಿನ್ನೆ ತಿರುವಿನಲ್ಲಿ ಬಂದ ಸ್ಕೂಟರಿನವನಿಗೆ ಅವರು ಕಾಣಲೇ ಇಲ್ಲ, ಗುದ್ದಿಯೇಬಿಟ್ಟ.

ವಿಷಯ ತಿಳಿದು ವಾರ್ಡಿನ ಆರೋಗ್ಯ ನಿರೀಕ್ಷಕಿ ಬಂದರು.

"ನಮ್ಮ ಜಾಗ ಮೇಡಂ. ಕಡೀತೀವೋ ಬೆಳೆಸ್ತೀವೋ ನಮ್ಮಿಷ್ಟ," ಎಂದ ವೆಲ್ಡರ್.

"ಜಾಗ ನಿಮ್ದು, ರಸ್ತೆ ಎಲ್ಲರದು. ಗಿಡ ದಾರಿಗೆ ಬಂದ್ರೆ, ತಿರುವು ಮುಚ್ಚಿದ್ರೆ, ಹಾವು ಇಲಿಗೆ ಮನೆಯಾದ್ರೆ, ಮಾಲೀಕರೇ ತೆಗೀಬೇಕು. ಇಲ್ಲಿನ ನಿಯಮ ಅದು. ನೋಟಿಸಿಗೂ ಬಗ್ಗದಿದ್ರೆ ನಾವೇ ಆಳು ಕರೆಸಿ ಕಡಿಸ್ತೀವಿ, ಖರ್ಚು ನಿಮ್ಮ ತಲೆ ಮೇಲೆ."

"ಪಾಲೇ ಆಗಿಲ್ವಲ್ಲ. ಮಾಲೀಕರು ಅಂದ್ರೆ ಯಾರು?" ಡ್ರೈವರ್ ಕೇಳಿದ.

"ಇಬ್ಬರೂ. ಒಬ್ಬರು ಕಡಿದ ಮಾತ್ರಕ್ಕೆ ಅವರ ಪಾಲು ಹೆಚ್ಚಾಗಲ್ಲ, ಇನ್ನೊಬ್ಬರದು ಕಮ್ಮಿಯಾಗಲ್ಲ. ಪೊದೆ ಕಡಿಯೋದು ಬೇರೆ, ಪಾಲು ಮಾಡ್ಕೊಳ್ಳೋದು ಬೇರೆ."

"ಹಾಗಾದ್ರೆ ಬೆಂಕಿ ಇಟ್ಟುಬಿಡ್ತೀನಿ, ಪೀಡೆ ತೊಲಗಲಿ," ಎಂದ ವೆಲ್ಡರ್.

"ಆ ಕೆಲಸ ಮಾತ್ರ ಬೇಡ. ಗಾಳಿ ತಿರುಗಿದ್ರೆ ಬೀದಿಯೇ ಹೊತ್ತಿಕೊಳ್ಳುತ್ತೆ, ಕೇಸೂ ಬೀಳುತ್ತೆ. ಬೂಟು ಹಾಕ್ಕೊಂಡು, ಹಾವಿದೆಯಾ ಅಂತ ಕೋಲಲ್ಲಿ ಬಡಿದು ನೋಡಿ ಕಡೀರಿ. ಕಡಿದಿದ್ದನ್ನ ರಸ್ತೆಗೆ ಎಸೀಬೇಡಿ. ಹೇಳಿ ಕಳಿಸಿದ್ರೆ ಕಸದ ಗಾಡಿ ಬರುತ್ತೆ."

"ಮೊದಲು ಅವನು ಶುರು ಮಾಡ್ಲಿ," ಎಂದ ಡ್ರೈವರ್.

ಅಲ್ಲಿಗೆ ಟೈಲರಮ್ಮನ ತಾಳ್ಮೆಯ ಕಟ್ಟೆಯೊಡೆಯಿತು. ಹೊಲಿಯುತ್ತಿದ್ದ ಬಟ್ಟೆಯನ್ನು ಮೆಷಿನ್ ಮೇಲೆಯೇ ಬಿಟ್ಟು ಎದ್ದಳು.

"ಹೆತ್ತ ತಾಯಿ ಒಳಗೆ ಒದ್ದಾಡ್ತಿದ್ದಾಳೆ, ನಿಮಗೆ ಇನ್ನೂ ಸರದಿ ಬೇಕಾ? ಸ್ಕೂಟರಿನವನನ್ನ ಬೈದ್ರಿ. ನನ್ನ ಕೇಳಿದ್ರೆ ಆ ಕಾಲು ಮುರಿದವರು ನೀವಿಬ್ಬರೇ. ಸುಮ್ಮನೆ ನೋಡ್ತಿದ್ದ ನಾನೂ ಆ ತಪ್ಪಲ್ಲಿ ಸೇರಿದ್ದೀನಿ."

ಕತ್ತಿ ತೆಗೆದುಕೊಂಡು ಅವಳೇ ನಡೆದಳು. ಮೊದಲ ಕೊಂಬೆ ಉರುಳುವಷ್ಟರಲ್ಲಿ ಗಂಡ ವೆಲ್ಡಿಂಗ್ ಕೈಗವಸು ಹಾಕಿಕೊಂಡು ಬಂದ. ಆಚೆ ತುದಿಯಿಂದ ಮೈದುನ ಶುರುಮಾಡಿದ. ಮಧ್ಯಾಹ್ನದೊಳಗೆ ತಿರುವು ಆ ತುದಿಯಿಂದ ಈ ತುದಿಗೆ ಕಾಣುತ್ತಿತ್ತು.

ಬೆವರೊರೆಸಿಕೊಂಡು ಮಕ್ಕಳಿಬ್ಬರೂ ಅಮ್ಮನ ಹಾಸಿಗೆಯ ಹತ್ತಿರ ನಿಂತರು. ಅಮ್ಮ ಕಿಟಕಿಯಿಂದ ದಾರಿಯನ್ನು ನೋಡುತ್ತಿದ್ದರು. ಇನ್ನು ಮುಂದೆ ಊರುಗೋಲಿಲ್ಲದೆ ನಡೆಯಲಾಗದೆಂದು ಡಾಕ್ಟರು ಹೇಳಿಯಾಗಿತ್ತು.

"ಮುಗೀತೇನ್ರೋ?"

"ಮುಗೀತಮ್ಮ."

"ಬರೀ ಅರ್ಧ ದಿನದ ಕೆಲಸ ಆಗಿತ್ತಾ ಇದು?"

ಕೆಲಸ ಮುಗಿದರೂ ಟೈಲರಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯಬೇಕಾದ್ದೂ ಅಲ್ಲ.

ಇದನ್ನು ಓದುತ್ತಿರುವವರೇ, ಈಗಲೇ ಎದ್ದು ನಿಮ್ಮ ಬೇಲಿಯಾಚೆ ನೋಡಿ. ನಿಮ್ಮ ಗಿಡ ದಾರಿಗೆ ಬಂದಿದೆಯೇ? ಕಡಿಯಿರಿ. ಪಾಲಾಗದ ಜಾಗವೇ? ಸೇರಿ ಕಡಿಯಿರಿ, ಸೇರದಿದ್ದರೆ ಒಬ್ಬರೇ ಕಡಿಯಿರಿ. ನಿಮ್ಮೂರಿನ ನಿಯಮ ಏನೆಂದು ಸ್ಥಳೀಯ ಕಚೇರಿಯಲ್ಲಿ ಕೇಳಿಕೊಳ್ಳಿ. ಅವನು ಮಾಡಲಿ, ಇವನು ಮಾಡಲಿ ಎಂದು ಕಾಯಬೇಡಿ. ನೀವು ಕಾಯುವಾಗ ಆ ದಾರಿಯಲ್ಲಿ ನಡೆಯುವವರು ನಿಮ್ಮ ಅಮ್ಮನೇ ಆಗಿರಬಹುದು.