ಕೌದಿಯ ಹೊಟ್ಟೆಯಲ್ಲಿ ಕುಬಸ

ನಾನೊಂದು ಕೌದಿ. ಹರಿದ ಸೀರೆ, ಸವೆದ ಧೋತರಗಳ ಮರುಜನ್ಮ ಅಂದುಕೊಂಡಿರಾ? ಇಲ್ಲ, ನನ್ನ ಬಟ್ಟೆಯೆಲ್ಲ ಹೊಸದು. ಗಿರಣಿಯಲ್ಲಿ ಹಳೇ ಕಾಲದ ಹೂಬಳ್ಳಿ ಅಚ್ಚೊತ್ತಿ, ಬಣ್ಣ ಮಾಸುವಂತೆ ತೊಳೆದು, ಹುಟ್ಟುವಾಗಲೇ ಮುಪ್ಪು ಕೊಟ್ಟ ಬಟ್ಟೆ. ಧಾರವಾಡದ ಅಂಗಡಿಯ ಮೇಡಂ ಅದನ್ನು ಗಂಟು ಕಟ್ಟಿ ಗಜೇಂದ್ರಗಡದ ಸಂಕವ್ವನ ಮನೆಗೆ ಕಳಿಸಿದ್ದರು. ಅಜ್ಜಿಯ ಕಾಲದ ಕೌದಿಯಂತೆ ಕಾಣಬೇಕಂತೆ.

"ಮದುಮಗಳಿಗೆ ನರೆಗೂದಲ ಅಂಟಿಸಿದಂಗಾತು" ಎಂದು ಬಾಳವ್ವ ನಕ್ಕಳು. ಬಾಳವ್ವ ಪಕ್ಕದ ಮನೆಯವಳು. ಮೂವತ್ತು ವರ್ಷಗಳಿಂದ ಸಂಕವ್ವ ಕೌದಿಯ ಈ ಅಂಚಿಗೆ, ಅವಳು ಆ ಅಂಚಿಗೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚಿಟಿಕೆ ಜೋಳ ಒಳಗೆ ಹಾಕುವವಳು ಯಾವಾಗಲೂ ಬಾಳವ್ವನೇ. ಕೌದಿ ಹಸಿದು ಹೊರಡಬಾರದು ಎನ್ನುತ್ತಿದ್ದಳು.

ಸಂಕವ್ವ ತುಂಡುಗಳನ್ನು ನೆಲಕ್ಕೆ ಹರಡಿ, ಹಿಂದೆ ಸರಿದು ನೋಡಿ, ಮತ್ತೆ ಬದಲಿಸಿದಳು. ನಡುವಿನ ಕೆಂಪು ಮನಸ್ಸಿಗೆ ಬರಲಿಲ್ಲ. "ಕೆಂಪು ಅಂದ್ರ ಹೆಂಗಿರಬೇಕು, ತಡಿ, ತೋರಸ್ತೀನಿ" ಎಂದು ಟ್ರಂಕಿನಿಂದ ಗುಳೇದಗುಡ್ಡದ ಖಣದ ಕುಬಸವೊಂದನ್ನು ತೆಗೆದಳು. ಹತ್ತೊಂಬತ್ತಕ್ಕೆ ಕಾಮಾಲೆಯಲ್ಲಿ ತೀರಿಕೊಂಡ ಮಗಳು ಶಿವಲೀಲಾ ತೊಡುತ್ತಿದ್ದ ರವಿಕೆ. ಕಂಕುಳ ಹತ್ತಿರ ಅವಳೇ ಹಾಕಿದ ಹಸಿರು ದಾರದ ಹೊಲಿಗೆಯಿತ್ತು. ಬಾಳವ್ವ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಯಾರೋ ಕರೆದರು, ಕುಬಸ ಮಡಿಕೆಯಾಗಿ ಬಟ್ಟೆಯ ರಾಶಿಯ ಮೇಲೆಯೇ ಉಳಿಯಿತು, ಇಬ್ಬರೂ ಎದ್ದು ಹೋದರು.

ಸಂಕವ್ವನ ಸೊಸೆ ರೇಣವ್ವ ಆಗ ನೀರಿಗೆ ಹೋಗಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತುಂಡು ಕತ್ತರಿಸುವುದು ಅವಳ ಪಾಲಿನ ಕೆಲಸ. ಬಂದವಳೇ ಕತ್ತರಿ ಹಿಡಿದಳು. ನಿಜವಾಗಿ ಹಳೆಯದು ಯಾವುದು, ಹಳೆಯದರಂತೆ ಮಾಡಿದ್ದು ಯಾವುದು, ಆ ರಾಶಿಯಲ್ಲಿ ಯಾರಿಗೆ ತಿಳಿಯಬೇಕು? ಅತ್ತೆ ಆಗಾಗ ಹೇಳುತ್ತಿದ್ದ ಹಸಿರು ದಾರ ಕಣ್ಣಿಗೆ ಬೀಳುವಷ್ಟರಲ್ಲಿ ಕುಬಸ ನಾಲ್ಕು ಚೂರಾಗಿತ್ತು.

ಅವಳು ಬಾಗಿಲ ಕಡೆ ನೋಡಿದಳು. ಚೂರುಗಳನ್ನು ನನ್ನ ನಡುಪದರದಲ್ಲಿಟ್ಟು, ಮೇಲೊಂದು ಹೂವಿನ ತುಂಡು ಹೊಲಿದುಬಿಟ್ಟಳು.

ಸಂಜೆ ಸಂಕವ್ವ ಮನೆಯೆಲ್ಲ ಹುಡುಕಿದಳು. "ಕಡೀಕ ಬಾಳವ್ವನ ಕೈಯಾಗ ಇತ್ತು" ಎಂದಳು. ರೇಣವ್ವ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮರುದಿನ ಓಣಿಯ ನಡುವೆ ಸಂಕವ್ವ, ಬಾಳವ್ವ ಇಬ್ಬರೂ ಆಡಬಾರದ ಮಾತುಗಳನ್ನು ಆಡಿಕೊಂಡರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆಂಬುದಕ್ಕೆ ಯಾರೂ ಗಾದೆ ಕಟ್ಟಿಲ್ಲ. ಬಾಳವ್ವ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ನನ್ನ ಕೊನೆಯ ಮೂಲೆಯನ್ನು ಸಂಕವ್ವ ಜೋಳವಿಲ್ಲದೆ ಮುಚ್ಚಿದಳು.

ಅಂಗಡಿಯಿಂದ ಮೈಸೂರಿನ ಡಾಕ್ಟರೊಬ್ಬರ ಮನೆ ಸೇರಿದೆ. ಸೋಫಾದ ಮೇಲೆ ನನ್ನ ವಾಸ. ಬಂದವರು ಸವರಿ, "ಎಷ್ಟು ಹಳೇದಿರಬಹುದು!" ಎಂದು ಬೆರಗಾಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಮನೆಯ ನಾಯಿಗೆ ಮಾತ್ರ ನನ್ನ ನಡುವೆಯೇ ಬೇಕು. ಕೆರೆದು ಕೆರೆದು ಆರು ವರ್ಷಕ್ಕೆ ಆ ಹೂವಿನ ತುಂಡು ಕಿತ್ತುಬಂತು. ಅವರು ರಿಪೇರಿಗೆಂದು ಅಂಗಡಿಗೆ ಕಳಿಸಿದರು, ಅಂಗಡಿಯವರು ಹೊಲಿದ ಕೈಗೇ ಕಳಿಸಿದರು.

ಗಂಟು ಬಿಚ್ಚಿದಾಗ ರೇಣವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು. ಸಂಕವ್ವ ಕನ್ನಡಕ ಏರಿಸಿ, ಹರಿದ ತುಂಡನ್ನು ಎತ್ತಿದಳು. ಕೆಳಗೆ ಕೆಂಪು. ಅದರ ಅಂಚಿಗೆ ಹಸಿರು ದಾರ.

"ನಾನ ಕತ್ತರಿಸಿದ್ದು ಅತ್ತಿ. ಗೊತ್ತಿಲ್ದ. ಹೇಳಾಕ ಧೈರ್ಯ ಬರಲಿಲ್ಲ."

ಸಂಕವ್ವ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಹಸಿರು ದಾರದ ಮೇಲೆ ಬೆರಳಾಡಿಸಿದಳು. ಬಾಳವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳಂತೆ. ಗೋಡೆಯಾಚೆ ಅಳು ಕೇಳಿದರೂ ಸಂಕವ್ವ ಎದ್ದು ಹೋಗಿರಲಿಲ್ಲವಂತೆ.

"ಕುಬಸ ಸಿಕ್ತು. ಬಾಳವ್ವನ್ನ ಎಲ್ಲಿ ಹುಡುಕ್ಲಿ?" ಎಂದಳು.

ಚೂರುಗಳನ್ನು ಅವಳು ತೆಗೆಯಲಿಲ್ಲ. ಹೊಸ ತುಂಡು ಮುಚ್ಚಿದಳು. ಆಮೇಲೆ ನನ್ನ ಮೂಲೆ ಬಿಚ್ಚಿ, "ಜೋಳ ತಾ" ಎಂದಳು. ರೇಣವ್ವ ತಂದಳು. "ನಾ ಹಾಕೂದಲ್ಲ. ನೀ ಹಾಕು. ಆಕಿ ಹೆಸರು ಹೇಳಿ ಹಾಕು."

ಈಗ ನಾನು ಮೈಸೂರಿನ ಅಲಮಾರಿಯ ಕೆಳಗಿನ ಖಾನೆಯಲ್ಲಿದ್ದೇನೆ. ಬಣ್ಣ ಈಗ ನಿಜವಾಗಿಯೇ ಮಾಸಿದೆ. ಯಾರಾದರೂ ಮಡಿಕೆ ಬದಲಿಸಿದಾಗ ಮೂಲೆಯಲ್ಲಿ ಜೋಳ ಸರಿದಾಡುತ್ತದೆ. ಆಗೆಲ್ಲ ರೇಣವ್ವ ಅಳುತ್ತ ಉಸುರಿದ ಆ ಹೆಸರು ನನಗೆ ಕೇಳುತ್ತದೆ. ಅದೇ ಹೆಸರನ್ನು ಅವಳು ಅದಕ್ಕೂ ಆರು ವರ್ಷ ಮೊದಲು, ಕುಬಸ ಹುಡುಕಿದ ಆ ಸಂಜೆ, "ಬಾಳವ್ವ ಅಲ್ಲ, ನಾನ" ಎಂದು ಹೇಳಬಹುದಿತ್ತು.