ಅಳುವುದಕ್ಕೂ ನೀರು ಬೇಕು

ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ಗೋಡೆಗೆ ಒರಗಿಬಿಟ್ಟ. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ. ಒಳಗಿದ್ದ ಹೆಂಡತಿ ಹೊತ್ತಾಯಿತು ಅಂತ ಕೂಗಿದಳು. ಹೊರಗೆ ಬಂದು ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವಳು ಟೈಲರ್. ಮನೆಯ ಕೆಳಗೇ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಪ್ಯಾಂಟಿನ ಉದ್ದ ಮಡಿಸುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು, ಇಂಥ ಕೆಲಸ. ಜನರ ಹೊಟ್ಟೆ ಏರಿಳಿದರೆ ನಿನ್ನ ಹೊಟ್ಟೆ ತುಂಬುತ್ತೆ, ಲಿಫ್ಟು ಏರಿಳಿಯದಿದ್ದರೆ ನನ್ನದು ತುಂಬುತ್ತೆ ಅಂತ ಗಂಡ ಆಗಾಗ ತಮಾಷೆ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಇಬ್ಬರೇ ಇದ್ದರು, ಈಗ ಒಬ್ಬಳಾದಳು.

ಅವಳಿಗೆ ಅಳು ಬರಲಿಲ್ಲ. ಬಂದವರು ತಬ್ಬಿಕೊಂಡು ಅತ್ತರು, ಅವಳು ಅವರ ಬೆನ್ನು ಸವರಿದಳು. ಒಂದು ವಾರದ ಮೇಲೆ ಅಂಗಡಿ ತೆರೆದಾಗ ಪಕ್ಕದ ಬೀಗದ ರಿಪೇರಿಯವನು ಬಂದು, ಇನ್ನು ಸ್ವಲ್ಪ ದಿನ ಸುಧಾರಿಸಿಕೊಳ್ಳಬಾರದಿತ್ತೇ ಅಂದ. ಸುಧಾರಿಸಿಕೊಳ್ಳುವುದು ಏನನ್ನು ಅಂತ ಅವಳಿಗೆ ತಿಳಿಯಲಿಲ್ಲ. ಕೈಯ ಮೇಲೇ ಮಲಗಿ ಎದ್ದಾಗ ಆ ಕೈ ನಮ್ಮದಲ್ಲವೇನೋ ಅನ್ನುವಂತೆ ಜೋಮು ಹಿಡಿದಿರುತ್ತದಲ್ಲ, ಅವಳಿಗೆ ಮೈ ಪೂರ್ತಿ ಹಾಗಾಗಿತ್ತು. ಹಸಿವು ಆಗುತ್ತಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ನೋಡಿದ ಮೇಲೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಅಕ್ಕ ಶಾಲೆಯಲ್ಲಿ ಆಟ ಕಲಿಸುತ್ತಿದ್ದವಳು, ರಿಟೈರ್ ಆಗಿದ್ದರೂ ಪ್ಯಾಂಟು ಹಾಕುವುದು ಬಿಟ್ಟಿರಲಿಲ್ಲ. ಮಕ್ಕಳು ಅವಳಿಗಿಟ್ಟಿದ್ದ ಹೆಸರು ಸೀಟಿ ಟೀಚರ್. ಸೀಟಿ ಈಗ ಕೊರಳಲ್ಲಿರಲಿಲ್ಲ ಅಷ್ಟೇ, ದನಿಯಲ್ಲಿ ಇನ್ನೂ ಇತ್ತು. ಬಂದ ದಿನವೇ ಪರದೆ ಸರಿಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಮುಖ ನೋಡಿದಳು.

"ಪುಟ್ಟೀ, ನೀನು ನೀರು ಎಷ್ಟು ಕುಡೀತೀಯ?"

ತಂಗಿ ನೆನಪಿಲ್ಲ ಅಂದಳು.

"ತುಟಿ ನೋಡು, ಸಿಪ್ಪೆ ಸುಲೀತಿದೆ. ಅಳು ಬರಲ್ಲ ಅಂತೀಯ. ಅಳೋದಕ್ಕಾದ್ರೂ ಮೈಯಲ್ಲಿ ನೀರು ಬೇಕಲ್ಲ?"

ಅಕ್ಕ ಅದನ್ನು ತಮಾಷೆಗೆ ಹೇಳಿರಲಿಲ್ಲ. ಮೈದಾನದಲ್ಲಿ ತಲೆ ಸುತ್ತಿ ಬಿದ್ದ ಮಕ್ಕಳನ್ನೆಲ್ಲ ಅವಳು ನೀರು ಕುಡಿಸಿಯೇ ಎಬ್ಬಿಸಿದ್ದಳು. ತಲೆನೋವು, ಮಲಬದ್ಧತೆ, ಮೊಡವೆ, ಪರೀಕ್ಷೆಯ ಭಯ, ಎಲ್ಲಕ್ಕೂ ಅವಳ ಮದ್ದು ಅದೊಂದೇ. ಮನುಷ್ಯ ಅಂದ ಮೇಲೆ ದಿನಕ್ಕೆ ಮೂರು ಲೀಟರ್ ಇಳಿಸಲೇಬೇಕು ಅನ್ನುವುದು ಅವಳ ಲೆಕ್ಕ. ಆ ಲೆಕ್ಕ ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ. ಅವಳ ದನಿ ಕೇಳಿದವರಿಗೆ ಹಾಗೆ ಕೇಳಬೇಕು ಅನ್ನಿಸುತ್ತಲೂ ಇರಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕ ಒಂದು ದೊಡ್ಡ ಬಾಟಲಿ ತಂದಿಟ್ಟಳು. ಮಧ್ಯಾಹ್ನಕ್ಕೆ ಖಾಲಿ ಆಗಬೇಕು, ಸಂಜೆಗೆ ಇನ್ನೊಂದು.

ತಂಗಿಗೆ ಅದು ಇಷ್ಟವಾಯಿತು. ಇಷ್ಟ ಅನ್ನುವುದು ದೊಡ್ಡ ಮಾತು, ಅದು ಸುಲಭವಾಗಿತ್ತು. ಧೈರ್ಯ ತಂದುಕೋ, ಮನಸ್ಸು ಗಟ್ಟಿ ಮಾಡಿಕೋ ಅಂತ ಬಂದವರೆಲ್ಲ ಹೇಳಿಹೋಗಿದ್ದರು. ಅವನ್ನು ಹೇಗೆ ಮಾಡುವುದೋ ಅವಳಿಗೆ ಗೊತ್ತಿರಲಿಲ್ಲ. ನೀರು ಕುಡಿಯುವುದು ಗೊತ್ತಿತ್ತು. ಬಾಟಲಿ ಎತ್ತುವುದು, ನುಂಗುವುದು, ಇಡುವುದು. ಊಟದ ತಟ್ಟೆ ಮುಂದೆ ಬಂದರೆ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದಳು, ನೀರು ಮಾತ್ರ ತಾನಾಗಿ ಇಳಿಯುತ್ತಿತ್ತು. ಕೆಲವು ದಿನಗಳಲ್ಲಿ ಅಕ್ಕ ಹೇಳಿದ್ದಕ್ಕಿಂತ ಹೆಚ್ಚೇ ಕುಡಿಯತೊಡಗಿದಳು. ಹಳೇ ಜಿಪ್ ಬಿಚ್ಚಿದ ಮೇಲೆ ಒಂದು ಲೋಟ, ಹೊಸದು ಹಾಕುವ ಮುಂಚೆ ಒಂದು ಲೋಟ. ಅಕ್ಕ ಖಾಲಿ ಬಾಟಲಿ ನೋಡಿ ಭೇಷ್ ಅನ್ನುತ್ತಿದ್ದಳು. ಹಾಗಂದಾಗ ಇವಳಿಗೆ ಚಿಕ್ಕಂದಿನ ಹಾಗೆ ಖುಷಿ ಆಗಬೇಕಿತ್ತು. ಆಗುತ್ತಿರಲಿಲ್ಲ, ಆದರೂ ಮತ್ತೊಂದು ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು.

ಮೊದಲು ತಲೆನೋವು ಶುರುವಾಯಿತು. ನೀರು ಸಾಲುತ್ತಿಲ್ಲ ಅಂದಳು ಅಕ್ಕ. ಆಮೇಲೆ ಹೊಟ್ಟೆ ತೊಳಸುವುದು. ಅದಕ್ಕೂ ನೀರೇ. ಬೆರಳಿನ ಉಂಗುರ ಬಿಗಿಯಾಯಿತು. ಒಂದು ದಿನ ಬ್ಯಾಂಕಿನ ಕಾವಲುಗಾರ ಬಂದು, ತನ್ನ ಪ್ಯಾಂಟನ್ನು ಮೇಜಿನ ಮೇಲೆ ಹರಡಿದ. ಎರಡೂ ಕಾಲಿನ ತುದಿ ಚೀಲದ ತಳದ ಹಾಗೆ ಹೊಲಿದುಹೋಗಿತ್ತು. ಇದರಲ್ಲಿ ಏನು ಹಾಕಿಕೊಳ್ಳಲಿ ತಾಯಿ, ಆಲೂಗಡ್ಡೆನಾ ಅಂತ ಅವನು ಮೆಲ್ಲಗೆ ಕೇಳಿದ. ಪಕ್ಕದಿಂದ ನೋಡುತ್ತಿದ್ದ ಬೀಗದವನು ನಕ್ಕ. ಅವಳು ಇಬ್ಬರನ್ನೂ ನೋಡಿದಳು, ಯಾರು ಇವರು ಅನ್ನುವಂತೆ. ಬೀಗದವನ ನಗು ಅಲ್ಲೇ ನಿಂತಿತು. ಅವತ್ತು ಸಂಜೆ ಅವನು ಅಕ್ಕನಿಗೆ ಪ್ಯಾಂಟಿನ ಕತೆ ಹೇಳಿ, ಇದು ಯಾಕೋ ಸರಿ ಕಾಣ್ತಿಲ್ಲ ಅಂದ. ದುಃಖ ಒಳಗೇ ಕಟ್ಟಿಕೊಂಡಿದೆ, ಹೊರಗೆ ಬರಬೇಕು ಅಂದಳು ಅಕ್ಕ. ಎಲ್ಲರಿಗೂ ಅದು ದುಃಖವೇ ಅನ್ನಿಸಿತು. ಗಂಡ ಸತ್ತ ಹೆಂಗಸು ಮಂಕಾದರೆ ಬೇರೆ ಕಾರಣ ಯಾರು ಹುಡುಕುತ್ತಾರೆ?

ಎರಡು ದಿನದ ಮೇಲೆ ಅವಳು ಮೆಷಿನ್ನಿನ ಮುಂದೆ ಕೂತಲ್ಲೇ ಪಕ್ಕಕ್ಕೆ ವಾಲಿ ಬಿದ್ದಳು. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು. ಬೀಗದವನು ಅಂಗಡಿ ತೆರೆದೇ ಬಿಟ್ಟು ಗಾಡಿ ತಂದ. ಅಕ್ಕ ದಾರಿಯುದ್ದಕ್ಕೂ ತಂಗಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ಮುಚ್ಚಳ ತೆಗೆದು, ಒಂದು ಗುಟುಕು ಪುಟ್ಟೀ, ಒಂದೇ ಒಂದು ಗುಟುಕು ಅನ್ನುತ್ತಿದ್ದಳು. ಹಲ್ಲು ಕಚ್ಚಿಕೊಂಡಿದ್ದರಿಂದ ನೀರು ಒಳಗೆ ಹೋಗಲಿಲ್ಲ.

ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ರಕ್ತ ಪರೀಕ್ಷೆ ಮಾಡಿಸಿ ಬಂದು, ಇವರು ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ, ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಒಂದೊಂದಾಗಿ ಕೇಳಿದಳು. ಬಿಪಿ ಮಾತ್ರೆ ಇದೆ, ಊಟ ಅಷ್ಟಕ್ಕಷ್ಟೇ, ಆದರೆ ನೀರು ಚೆನ್ನಾಗಿ ಕುಡಿಸುತ್ತಿದ್ದೀನಿ ಅಂತ ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ಎಷ್ಟು ಅಂತ ಡಾಕ್ಟರ್ ಕೇಳಿದಳು. ಅಕ್ಕ ಹೇಳಿದಳು. ಡಾಕ್ಟರ್ ರಕ್ತದ ರಿಪೋರ್ಟನ್ನು ಅಕ್ಕನ ಕಡೆ ತಿರುಗಿಸಿದಳು.

"ಅಮ್ಮಾ, ರಕ್ತದಲ್ಲಿ ಉಪ್ಪಿನಂಶ ತೀರಾ ಕೆಳಗಿಳಿದಿದೆ. ಊಟ ಇಲ್ಲ, ಮಾತ್ರೆ ಉಪ್ಪನ್ನ ಹೊರಗೆ ಹಾಕ್ತಿದೆ, ಮೇಲಿಂದ ಇಷ್ಟೊಂದು ನೀರು. ಅದಕ್ಕೇ ಮಿದುಳು ಊದಿಕೊಂಡು ಫಿಟ್ಸ್ ಬಂದಿದೆ."

ಅಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಾಗಾದರೆ ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಕುಡಿಯಬೇಕು ಅಂತ ಕೇಳಿದಳು, ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ. ಎಲ್ಲರಿಗೂ ಒಂದೇ ಲೆಕ್ಕ ಇಲ್ಲ ಅಂದಳು ಡಾಕ್ಟರ್. ಬಿಸಿಲಲ್ಲಿ ದುಡಿಯುವವರಿಗೆ ಹೆಚ್ಚು, ಕೂತು ಕೆಲಸ ಮಾಡುವವರಿಗೆ ಕಡಿಮೆ, ಕಾಯಿಲೆ ಇದ್ದರೆ ಬೇರೆ. ಮಾಮೂಲಿ ಆರೋಗ್ಯ ಇದ್ದವರು ಬಾಯಾರಿದಾಗ ಕುಡಿದರೆ ಸಾಕು. ಅಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅದುವರೆಗೆ ಅವಳು ಅತ್ತದ್ದನ್ನು ಕಂಡವರಿರಲಿಲ್ಲ, ಈಗ ಬಿಕ್ಕಿ ಅತ್ತಳು. ಬೀಗದವನು ಎತ್ತ ನೋಡುವುದೋ ತಿಳಿಯದೆ, ಬಾಗಿಲಿನ ಚಿಲಕ ಸಡಿಲವಾಗಿದೆ ಅಂತ ಅದನ್ನೇ ಅಲ್ಲಾಡಿಸಿ ನೋಡುತ್ತ ನಿಂತ.

ತಂಗಿಗೆ ಪ್ರಜ್ಞೆ ಬಂದ ಮೇಲೆ ನೀರು ಅಳೆದು ಕೊಡತೊಡಗಿದರು. ಮಾತ್ರೆಗೆ ಒಂದು ಗುಟುಕು, ಊಟದ ಜೊತೆ ಅರ್ಧ ಲೋಟ. ನರ್ಸ್ ಊಟಕ್ಕೆ ಉಪ್ಪು ಹಾಕಿ ಪೂರ್ತಿ ತಿನ್ನಿಸುತ್ತಿದ್ದಳು. ಮೊದಲ ದಿನ ತಂಗಿ ತಾನಾಗಿ ನೀರು ಕೇಳಲಿಲ್ಲ. ಕೊಟ್ಟರೆ ಕುಡಿದಳು, ಕೊಡದಿದ್ದರೆ ಇಲ್ಲ. ಮಾರನೇ ದಿನ ಮಧ್ಯಾಹ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಗಂಟಲು ಉರಿಯಿತು. ಕೈ ತಾನಾಗಿ ಪಕ್ಕದ ಮಂಚದವರ ಜಗ್ಗಿನ ಕಡೆ ಹೋಯಿತು. ಅಕ್ಕ ಆ ಕೈ ಹಿಡಿದಳು.

"ಬಿಡು."

"ಡಾಕ್ಟರು ಬೇಡ ಅಂದಿದಾರೆ ಪುಟ್ಟೀ."

"ಬಾಯಿ ಒಣಗಿ ಸಾಯ್ತಿದೀನಿ, ಕಾಣಲ್ವಾ ನಿಂಗೆ? ಅವತ್ತು ಬೇಡ ಅಂದ್ರೂ ತುರುಕಿದೆ, ಇವತ್ತು ಬೇಕು ಅಂದ್ರೆ ಕೈ ಹಿಡೀತೀಯ. ನನ್ನ ಮೈ ನಿನ್ನ ಶಾಲೆನಾ?"

ತಂಗಿ ಬೇಡ ಅಂದೇ ಇರಲಿಲ್ಲ. ಅಕ್ಕ ಅದನ್ನು ಹೇಳಲಿಲ್ಲ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಂಗಿ ಇನ್ನೂ ಏನೇನೋ ಅಂದಳು: ಅಕ್ಕನ ಸೀಟಿಯನ್ನು, ಬೆಳಿಗ್ಗೆ ಎಬ್ಬಿಸುವ ರೀತಿಯನ್ನು, ಕೊನೆಗೆ, ಶೂ ಹಾಕಿಕೊಳ್ಳಲು ಅಷ್ಟು ಹೊತ್ತು ಮಾಡಿದ ಗಂಡನನ್ನೂ ಬೈದಳು. ಅಕ್ಕ ಅಲ್ಲಾಡದೆ ನಿಂತು ಎಲ್ಲ ಹೇಳಿಸಿಕೊಂಡಳು. ಕೈ ಮಾತ್ರ ಬಿಡಲಿಲ್ಲ. ಬೈದು ಸುಸ್ತಾದ ಮೇಲೆ ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಳು ಆಗಲೂ ಬರಲಿಲ್ಲ. ಬಾಯಾರಿಕೆ ಮಾತ್ರ ಇತ್ತು, ಗಂಟಲಿನಿಂದ ಎದೆಯವರೆಗೆ, ಯಾರದ್ದೋ ಅಲ್ಲ, ಅವಳದ್ದೇ. ಅದನ್ನೇ ಗಮನಿಸುತ್ತ ಅವಳಿಗೆ ನಿದ್ದೆ ಹತ್ತಿತು.

ಮನೆಗೆ ಬಂದ ಮೇಲೆ ಅಕ್ಕ ನೀರಿನ ಮಾತೇ ಎತ್ತಲಿಲ್ಲ. ಬಾಟಲಿಗಳನ್ನೆಲ್ಲ ಎಲ್ಲಿಟ್ಟಳೋ. ತಾನು ಕುಡಿಯುವುದನ್ನೂ ತಂಗಿಗೆ ಕಾಣದ ಹಾಗೆ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಕುಡಿಯುತ್ತಿದ್ದಳು. ತಂಗಿ ಕೆಲಸಕ್ಕೆ ಕೂತಳು. ಮೈಯ ಜೋಮು ಪೂರ್ತಿ ಬಿಟ್ಟಿರಲಿಲ್ಲ. ಅಲ್ಲೊಂದು ಕಡೆ, ಇಲ್ಲೊಂದು ಕಡೆ ಬಿಟ್ಟಿತ್ತು. ಉಪ್ಪು ಜಾಸ್ತಿಯಾದರೆ ಗೊತ್ತಾಗುತ್ತಿತ್ತು. ಬಾಗಿಲ ಪಕ್ಕದ ಸ್ಟೂಲು ಕಂಡರೆ ಕಣ್ಣು ಬೇರೆ ಕಡೆ ಹೋಗುತ್ತಿತ್ತು.

ಮತ್ತೆ ರಕ್ತ ಪರೀಕ್ಷೆಗೆ ಇಬ್ಬರೂ ಹೋದರು. ಎಲ್ಲ ಸರಿಯಾಗಿದೆ, ಮಾತ್ರೆ ಬದಲಾಯಿಸಿದ್ದೇನೆ ಅಂದಳು ಡಾಕ್ಟರ್. ವಾಪಸ್ ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು, ಬಸ್ ಸ್ಟಾಪಿನವರೆಗೆ ನೆರಳಿರಲಿಲ್ಲ. ಅಕ್ಕ ಎರಡು ಸಲ ಏನೋ ಹೇಳಲು ಹೋಗಿ ತುಟಿ ನೆಕ್ಕಿಕೊಂಡು ಸುಮ್ಮನಾದಳು. ತಂಗಿ ಅವಳನ್ನು ನೋಡಿದಳು. ಇಷ್ಟು ದಿನದಲ್ಲಿ ಸರಿಯಾಗಿ ನೋಡಿದ್ದು ಅದೇ ಮೊದಲು. ಅಕ್ಕ ಇಳಿದುಹೋಗಿದ್ದಳು. ಪ್ಯಾಂಟಿನ ಸೊಂಟವನ್ನು ಒಂದು ಪಿನ್ನು ಹಿಡಿದುಕೊಂಡಿತ್ತು.

ತಂಗಿ ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಲೋಟ ನೀರು ಇಸಿದುಕೊಂಡು ಬಂದಳು. ನನಗೆ ಬೇಡ ಅಂದಳು ಅಕ್ಕ.

"ಬಾಯಾರಿದೆ ನಿಂಗೆ. ಕುಡಿ."

ಅಕ್ಕ ಲೋಟ ತಗೊಂಡು ಗಟಗಟ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಮುಂಗೈಯಿಂದ ಒರೆಸಿಕೊಂಡಳು. ಮನೆಗೆ ಹೋದ ಮೇಲೆ ಆ ಪ್ಯಾಂಟು ಕೊಡು, ಸೊಂಟ ಹಿಡಿದು ಹೊಲಿದು ಕೊಡ್ತೀನಿ, ಹೀಗೆ ಪಿನ್ನು ಸಿಕ್ಕಿಸಿಕೊಂಡು ಓಡಾಡಬೇಡ ಅಂತ ತಂಗಿ ಹೇಳಿದಳು. ಕಾಲಿನ ತುದಿ ಮಾತ್ರ ತೆರೆದೇ ಇರಲಿ ಅಂದಳು ಅಕ್ಕ. ಇಬ್ಬರೂ ನಗಲಿಲ್ಲ. ತಂಗಿಗೆ ಚಪ್ಪಲಿ ಕಚ್ಚಿ ಹಿಮ್ಮಡಿ ಉರಿಯುತ್ತಿತ್ತು. ಬಗ್ಗಿ ಅದರ ಪಟ್ಟಿ ಸಡಿಲಿಸಿದಳು. ಬಸ್ಸು ಬರಲು ಇನ್ನೂ ಹೊತ್ತಿತ್ತು.