ಗಣಿ ರಸ್ತೆಯಿಂದ ನನ್ನನ್ನು ಎತ್ತಿಸಿದವಳು

ಗಣಿಯವರು ನಮ್ಮ ಹೊಲ ತೆಗೆದುಕೊಂಡಾಗ ಮನೆಗೊಂದು ಕೆಲಸ ಕೊಡುತ್ತೇವೆ ಎಂದಿದ್ದರು. ಅದಿರು ಹೊರುವ ದೊಡ್ಡ ಲಾರಿ, ಡಂಪರ್ ಓಡಿಸುವ ಕೆಲಸ. ಅದಕ್ಕೆ ನನಗಿಂತ ತಕ್ಕವನು ಸುತ್ತ ಯಾವ ಸೀಮೆಯಲ್ಲೂ ಇರಲಿಲ್ಲ. ನಾನು ಟ್ರ್ಯಾಕ್ಟರ್ ಹತ್ತಿದರೆ ಎತ್ತುಗಳು ನಾಚಿಕೊಂಡು ಮುಖ ತಿರುಗಿಸುತ್ತಿದ್ದವು. ಒಂದು ಸಲ ಹಿಮ್ಮುಖವಾಗಿಯೇ ಸಂತೆಗೆ ಹೋಗಿ, ಮೂಟೆ ಇಳಿಸಿ, ಹಿಮ್ಮುಖವಾಗಿಯೇ ಮನೆಗೆ ಬಂದಿದ್ದೇನೆ. ಗೇರ್ ಸಿಕ್ಕಿಕೊಂಡಿತ್ತು ಎಂದು ಕೆಲವರು ಹೇಳುವುದು ಹೊಟ್ಟೆಕಿಚ್ಚಿಗೆ.

ಹಾಗಾಗಿ ನಮ್ಮ ಮನೆಯಿಂದ ತರಬೇತಿಗೆ ಮೊದಲು ಹೋದವನು ನಾನೇ. ಗಣಿಯ ಬೇಲಿಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು, ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ವಿಮಾನಕ್ಕೆ ಹಾಕಬೇಕಾದಷ್ಟು ದೊಡ್ಡ ಫ್ಯಾನು. ಕಲಿಸುವವರ ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ನಾವು ಅವರನ್ನು ಸೀಟಿ ಮೇಷ್ಟ್ರು ಎನ್ನುತ್ತಿದ್ದೆವು. ಮೊದಲ ದಿನ ಅವರು ಹೇಳಿದ್ದು ಇಷ್ಟು:

“ಗಣಿ ರಸ್ತೆ ಪಕ್ಕ ಮಣ್ಣಿನ ಒಡ್ಡು ಇರುತ್ತೆ. ಒಡ್ಡಿನ ಆಚೆ ಯಾರೇ ನಿಂತಿರಲಿ, ಗಾಡಿ ನಿಲ್ಲಿಸಬೇಡಿ. ಹಿಂದೆ ಇನ್ನೊಂದು ಡಂಪರ್ ಬರ್ತಾ ಇರುತ್ತೆ. ಒಡ್ಡು ದಾಟಿ ರಸ್ತೆಗೆ ಇಳಿದಿದ್ರೆ ಮಾತ್ರ ದೂರದಲ್ಲೇ ನಿಲ್ಲಿಸಿ, ರೇಡಿಯೋದಲ್ಲಿ ಹೇಳಿ. ಆ ಮನುಷ್ಯನ್ನ ಕರ್ಕೊಂಡು ಹೋಗೋ ತನಕ ಅಲ್ಲಾಡಬೇಡಿ. ಹತ್ತಿರ ಬಂದವನು ಮೇಲಿಂದ ಕಾಣೋದೇ ಇಲ್ಲ. ಕಾಣದೇ ಇದ್ದವನ ಮೇಲೆ ಚಕ್ರ ಹತ್ತಿದ್ರೂ ನಿಮಗೆ ಗೊತ್ತಾಗಲ್ಲ.”

ಆಮೇಲೆ ನನ್ನ ಕಡೆಗೇ ನೋಡಿ, “ಇನ್ನೊಂದು ಮಾತು. ನಿಮ್ಮ ಮನೆಯವರು ಯಾರಾದ್ರೂ ಅಪ್ಪಣೆ ಇಲ್ಲದೆ ಬೇಲಿ ಒಳಗೆ ಬಂದ್ರೆ ನಿಮ್ಮ ಮನೆ ಕೆಲಸ ಹೋಯ್ತು ಅಂತಲೇ ತಿಳ್ಕೊಳ್ಳಿ,” ಎಂದರು. ದನ ಮೇಯಿಸಲು, ಗುಜರಿ ಆಯಲು ಜನ ಒಳಗೆ ನುಗ್ಗುತ್ತಿದ್ದರಂತೆ. ನನ್ನನ್ನೇ ಏಕೆ ನೋಡಿದರೋ. ಜನರ ನಡುವೆ ನಾನು ಎದ್ದು ಕಾಣುವ ಆಳು, ಅದಿರಬೇಕು.

ನಿಜವಾದ ಡಂಪರ್ ಕೊಡುವ ಮೊದಲು ಒಂದು ಯಂತ್ರದಲ್ಲಿ ಕೂರಿಸುತ್ತಿದ್ದರು. ಸೀಟು, ಸ್ಟೀರಿಂಗು, ಬ್ರೇಕು ಎಲ್ಲ ಉಂಟು. ಗಾಜಿನ ಬದಲು ಪರದೆ, ಪರದೆಯ ಮೇಲೆ ರಸ್ತೆ. ನಾವು ಅದಕ್ಕೆ ಸುಳ್ಳು ಲಾರಿ ಎಂದು ಹೆಸರಿಟ್ಟೆವು. ಸುಳ್ಳು ಲಾರಿಯನ್ನು ನಾನು ಓಡಿಸಿದ ಚೆಂದಕ್ಕೆ ಪರದೆಯೇ ಬೆವರಿತು. ತಿರುವು, ಇಳಿಜಾರು, ಎಲ್ಲವೂ ನೀರು ಕುಡಿದಷ್ಟು ಸಲೀಸು. ಅಷ್ಟರಲ್ಲಿ ಒಡ್ಡಿನ ಆಚೆ ಒಬ್ಬ ಮುದುಕ ನಿಂತು ಕೈ ಎತ್ತಿದ. ನಾನು ಬ್ರೇಕ್ ಹಾಕಿದೆ.

ನಮ್ಮೂರಿನಲ್ಲಿ ಕೈ ಎತ್ತಿದವರನ್ನು ಬಿಟ್ಟು ಗಾಡಿ ಮುಂದಕ್ಕೆ ಹೋಗುವುದಿಲ್ಲ. ಹೋದರೆ ಸಂಜೆ ಆ ಮನುಷ್ಯ ಮನೆ ಬಾಗಿಲಿಗೆ ಬಂದು, ಯಾಕಪ್ಪ, ನಾನೇನು ಮಾಡಿದ್ದೆ ನಿನಗೆ, ಎಂದು ಕೇಳುತ್ತಾನೆ.

“ಯಾಕಯ್ಯಾ ನಿಲ್ಲಿಸಿದೆ?” ಎಂದರು ಮೇಷ್ಟ್ರು.

“ಕೈ ಎತ್ತಿದಾರೆ ಸಾರ್. ವಯಸ್ಸಾದವರು.”

“ಅದು ಚಿತ್ರ ಕಣಯ್ಯಾ.”

“ಚಿತ್ರ ಆದ್ರೇನು ಸಾರ್, ಬಿಸಿಲಲ್ಲಿ ನಿಂತಿದಾರಲ್ಲ.”

ನನ್ನೊಬ್ಬನ ಕಥೆಯಲ್ಲ. ಇಡೀ ಗುಂಪು ಆ ಮುದುಕನಿಗಾಗಿ ನಿಲ್ಲಿಸಿತು. ಪಕ್ಕದ ಮನೆಯವನಂತೂ ಮುದುಕ ಕೂರಲೆಂದು ಸೀಟಿನ ಅಂಚಿಗೆ ಸರಿದ. ಉಳಿದವರು ಎರಡು ಮೂರು ಸಲಕ್ಕೆ ಮನಸ್ಸು ಕಲ್ಲು ಮಾಡಿಕೊಂಡು ಮುಂದೆ ಹೋಗಿ ಪಾಸಾದರು. ನನ್ನ ಮನಸ್ಸು ಬೆಣ್ಣೆ. ಕೊನೆಯ ಸಲ ಬಾಗಿಲು ತೆಗೆಯಲು ಹೋಗಿ, ಇಲ್ಲದ ಹಿಡಿಯನ್ನು ಹುಡುಕುತ್ತಾ ಸೀಟಿನಿಂದ ಕೆಳಗೆ ಬಿದ್ದೆ. ಮೇಷ್ಟ್ರು ಸೀಟಿ ಊದಿದರು. ಒಬ್ಬರು ಫೇಲಾದರೆ ಅದೇ ಮನೆಯ ಇನ್ನೊಬ್ಬರು ಬರಬಹುದು, ಆದರೆ ಅವರೇ ಕೊನೆ, ಎಂದರು. ಹೊಲ ಹೋಗಿತ್ತು. ಈ ಕೆಲಸವೂ ಹೋದರೆ ನಮ್ಮ ಒಲೆಗೆ ರಜೆ. ಅಮ್ಮನಿಗೆ ಮಂಡಿನೋವು. ಉಳಿದವಳು ನನ್ನ ಹೆಂಡತಿ.

ಅವಳು ಸೈಕಲ್ಲನ್ನೂ ತುಳಿದವಳಲ್ಲ. ಅವಳನ್ನು ತಯಾರು ಮಾಡಿದವನು ನಾನು. ಇದನ್ನು ಅವಳ ಹತ್ತಿರ ಕೇಳಬೇಡಿ, ಬೇರೆಯೇ ಹೇಳುತ್ತಾಳೆ. ಅಡುಗೆಮನೆಯಲ್ಲಿ ಸ್ಟೂಲ್ ಮೇಲೆ ಪಾತ್ರೆಯ ಮುಚ್ಚಳ ಹಿಡಿದು ಕೂರುತ್ತಿದ್ದಳು. ನಾನು ನೀರಿನ ಡ್ರಮ್ಮಿನ ಪಕ್ಕ ನಿಂತು ಕೈ ಎತ್ತುತ್ತಿದ್ದೆ.

“ತಂಗೀ, ಆಸ್ಪತ್ರೆಗೆ ಹೋಗ್ಬೇಕಮ್ಮಾ. ಎದೆ ಹಿಡ್ಕೊಂಡಿದೆ.”

ಅವಳು ಮುಚ್ಚಳ ತಿರುಗಿಸುತ್ತಾ ಮುಂದೆಯೇ ನೋಡುತ್ತಿದ್ದಳು.

“ಹತ್ತಿಸ್ಕೊಳ್ಳೇ ಪಾಪ,” ಎಂದು ಅಮ್ಮ ಕಣ್ಣು ಒರೆಸಿಕೊಂಡಳು. “ಹೇಗೆ ಒದ್ದಾಡ್ತಿದಾನೆ ನೋಡು.”

“ಅತ್ತೇ, ಅವರು ಹೀಗೇ ಒದ್ದಾಡಿ ತಾನೇ ನಿನ್ನೆ ನನ್ ಪಾಲಿನ ಹಾಲು ಕುಡಿದಿದ್ದು,” ಎಂದಳು ನನ್ನ ಹೆಂಡತಿ. ಮುಚ್ಚಳ ನಿಲ್ಲಲಿಲ್ಲ.

ಸುಳ್ಳು ಲಾರಿಯ ಮುದುಕನನ್ನು ಅವಳು ಮೊದಲ ಸಲಕ್ಕೇ ದಾಟಿ ಹೋದಳು. ಆಮೇಲೆ ನಿಜವಾದ ಡಂಪರ್ ಹತ್ತಿದಳು. ಅದರ ಒಂದು ಚಕ್ರದ ನೆರಳಲ್ಲಿ ಊರಿನವರೆಲ್ಲ ಮಲಗಿ ನಿದ್ದೆ ಮಾಡಿದರೂ ನೆಂಟರಿಗೆ ಜಾಗ ಮಿಗುತ್ತದೆ. ತಿಂಗಳುಗಟ್ಟಲೆ ಕಲಿತ ಮೇಲೆ ಕೊನೆಯ ಪರೀಕ್ಷೆಯ ದಿನ ಬಂತು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಿರು ತುಂಬಿದ ಡಂಪರ್ ಓಡಿಸಬೇಕು. ಪಾಸಾದರೆ ಕೆಲಸ ಕಾಯಂ.

ನಾನು ಈ ಸುದ್ದಿಯನ್ನು ಟೀ ಅಂಗಡಿಯಲ್ಲಿ ಮೆಲ್ಲಗೆ ಹೇಳಿದೆ. ಮೂರು ಬೀದಿಗೆ ಕೇಳಿಸಿದ್ದು ಗಾಳಿಯ ತಪ್ಪು. ಅಲ್ಲಿ ಕೂತಿದ್ದ ಕಟಿಂಗ್ ಶಾಪಿನವನು ಲೋಟ ಕೆಳಗಿಟ್ಟ.

“ನಿನ್ ಹೆಂಡ್ತಿನಾ? ಡಂಪರ್ರಾ? ಬಿಡಪ್ಪಾ.”

“ಬಾ ತೋರಿಸ್ತೀನಿ. ನನ್ನ ಕಂಡ್ರೆ ಹಾರ್ನ್ ಹೊಡೆದು ನಮಸ್ಕಾರ ಮಾಡ್ತಾಳೆ.”

ಬೇಲಿ ಒಂದು ಕಡೆ ಹರಿದಿತ್ತು. ಅದರೊಳಗೆ ತೂರಿ ಒಡ್ಡಿನ ಆಚೆ ನಿಂತೆವು. ಡಂಪರ್ ಬಂತು. ನೆಲ ಎಷ್ಟು ನಡುಗಿತೆಂದರೆ ನನ್ನ ಅಂಗಿಯ ಗುಂಡಿಗಳು ತಾವಾಗಿ ಬಿಚ್ಚಿಕೊಂಡವು. ನಾನು ಎರಡೂ ಕೈ ಎತ್ತಿದೆ. ಡಂಪರ್ ಹೋಯಿತು. ನಮ್ಮ ಮೇಲೆ ಒಂದು ಹೊಲಕ್ಕಾಗುವಷ್ಟು ಧೂಳು ಬಿತ್ತು.

ಕಟಿಂಗ್ ಶಾಪಿನವನು ಮುಖ ಒರೆಸಿಕೊಂಡ. “ಮೇಲೆ ಒಂದು ಹೆಲ್ಮೆಟ್ಟು ಕಾಣಿಸ್ತು, ಅಷ್ಟೇ. ಅದು ನಿನ್ ಹೆಂಡ್ತಿ ಅಂತ ಹೇಗೆ ನಂಬೋದು? ಅದು ನನ್ ಹೆಂಡ್ತಿನೂ ಆಗಿರಬಹುದು.”

ಈ ಮಾತನ್ನು ಯಾವ ಗಂಡಸು ತಡೆದುಕೊಳ್ಳುತ್ತಾನೆ? ಮುಂದಿನ ಸುತ್ತು ಬಂದಾಗ ನಾನು ಒಡ್ಡು ಹತ್ತಿ ರಸ್ತೆಗೆ ಇಳಿದು ನಟ್ಟ ನಡುವೆ ನಿಂತೆ. ಡಂಪರ್ ದೂರದಲ್ಲೇ ನಿಂತಿತು. ಉದ್ದವಾಗಿ ಹಾರ್ನ್ ಹೊಡೆಯಿತು. ನಾನು ತಿರುಗಿ ಕಟಿಂಗ್ ಶಾಪಿನವನಿಗೆ, “ಕೇಳಿಸ್ತಾ ನಮಸ್ಕಾರ,” ಎಂದೆ. ಅವನು ಅಲ್ಲಿರಲಿಲ್ಲ. ಬೇಲಿಯ ಕಿಂಡಿಯಲ್ಲಿ ಅವನ ಒಂದು ಚಪ್ಪಲಿ ಮಾತ್ರ ಇತ್ತು.

ನಾನು ಡಂಪರಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಮತ್ತೆ ಹಾರ್ನ್. ಅಷ್ಟರಲ್ಲಿ ಸೆಕ್ಯೂರಿಟಿಯವರ ಜೀಪು ಬಂತು. ಅದರಿಂದ ಇಳಿದವನು ಒಬ್ಬನೇ. ಆದರೆ ನನ್ನನ್ನು ಹಿಡಿಯಲು ಒಂದು ಪಟಾಲಂ ಬೇಕಾಯಿತು ಎಂದೇ ಇಟ್ಟುಕೊಳ್ಳಿ.

“ಯಾರೋ ನೀನು? ಯಾವ ಮನೆಯವನು?”

ಆಗ ನನಗೆ ಮೇಷ್ಟ್ರ ಎರಡನೇ ಮಾತು ನೆನಪಾಯಿತು. ನಾನು ಇಂಥ ಮನೆಯವನು ಎಂದರೆ ಅವಳ ಕೆಲಸ ಮಣ್ಣುಪಾಲು. ಹುಟ್ಟಿದಾಗಿನಿಂದ ನಾನು ಯಾರು ಎಂದು ಹೇಳಲು ಎಂದೂ ಹಿಂಜರಿದವನಲ್ಲ. ಅಂದು ಹೇಳಿದೆ:

“ನಾನು ಯಾರೂ ಅಲ್ಲಣ್ಣ. ದಾರಿ ತಪ್ಪಿದವನು. ಮನೆ ಇಲ್ಲ, ಮಠ ಇಲ್ಲ. ಮದುವೆ ಅಂತೂ ಆಗೇ ಇಲ್ಲ. ಹೆಂಗಸರನ್ನ ಕಂಡ್ರೇ ಭಯ.”

ಅವನು ನಂಬುತ್ತಿದ್ದ. ನನ್ನ ಮುಖ ಅಷ್ಟು ಅನಾಥವಾಗಿತ್ತು. ಆದರೆ ಅವನ ಸೊಂಟದ ರೇಡಿಯೋದಲ್ಲಿ ನನ್ನ ಹೆಂಡತಿಯ ದನಿ ಬಂತು. “ಮತ್ತೆ ಹೇಳ್ತಿದೀನಿ, ರಸ್ತೆ ಮೇಲೆ ಒಬ್ಬ ವ್ಯಕ್ತಿ. ಹೆಲ್ಮೆಟ್ ಇಲ್ಲ. ಗಾಡಿ ನಿಲ್ಲಿಸಿದೀನಿ.”

ಆಫೀಸಿನ ದನಿ ಕೇಳಿತು: “ಗುರುತಿದೆಯಾ?”

ರೇಡಿಯೋ ಗರಗರ ಎಂದಿತು. ಆಮೇಲೆ, “ಇದೆ. ನಮ್ಮ ಯಜಮಾನ್ರು.”

ಸೆಕ್ಯೂರಿಟಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ರೇಡಿಯೋ ಬಾಯಿಗಿಟ್ಟುಕೊಂಡ. “ಅಮ್ಮಾ, ಇವನು ಮದುವೇನೇ ಆಗಿಲ್ಲ ಅಂತಾನಲ್ಲ.”

“ಅದನ್ನ ಮನೇಲಿ ಮಾತಾಡ್ತೀನಿ. ಮೊದಲು ರಸ್ತೆಯಿಂದ ಎತ್ತಿ. ಹಿಂದೆ ಗಾಡಿಗಳು ನಿಂತಿವೆ.”

ಎತ್ತಿದರು. ಡಂಪರ್ ನಿಧಾನವಾಗಿ ನನ್ನ ಪಕ್ಕದಲ್ಲೇ ಹಾದುಹೋಯಿತು. ಅವಳು ನೋಡಿದಳೋ ಇಲ್ಲವೋ ಕೆಳಗಿನಿಂದ ಕಾಣಲಿಲ್ಲ.

ಮಧ್ಯಾಹ್ನವಿಡೀ ಆಫೀಸಿನ ಹೊರಗೆ ಬೆಂಚಿನ ಮೇಲೆ ನನ್ನನ್ನು ಕೂರಿಸಿದ್ದರು. ಒಳಗೆ ಮೇಷ್ಟ್ರು ಮ್ಯಾನೇಜರ್ ಜೊತೆ ವಾದಿಸುವುದು ಬಾಗಿಲಾಚೆಗೂ ಕೇಳುತ್ತಿತ್ತು. “ನಿಯಮ ನಿಯಮವೇ,” ಎಂದರು ಮ್ಯಾನೇಜರ್. ಮೇಷ್ಟ್ರು ಹೇಳಿದರು: “ಸಾರ್, ಮನೆಯವರು ಅಡ್ಡ ಬಂದ್ರೆ ಎಲ್ಲರೂ ಪಕ್ಕಕ್ಕೆ ತಿರುಗಿಸ್ಕೊಂಡು ಹೋಗಿ ಮುಚ್ಚಿಹಾಕ್ತಾರೆ. ಹಾಗೆ ತಿರುಗಿಸಿದವನು ಹೋದ ವರ್ಷ ಹಳ್ಳಕ್ಕೆ ಬಿದ್ದ. ಈಕೆ ನಿಲ್ಲಿಸಿದಳು, ಹೇಳಿದಳು. ಇವಳನ್ನ ತೆಗೆದ್ರೆ ನಾಳೆಯಿಂದ ಒಬ್ಬರೂ ಬಾಯಿ ಬಿಡಲ್ಲ.” ನನ್ನ ಎದೆ ಬಡಿದುಕೊಂಡ ಸದ್ದಿಗೆ ಆಫೀಸಿನ ಕಿಟಕಿಗಳು ಅದುರಿದವು.

ಕೊನೆಗೆ ಅವಳಿಗೆ ಕೆಲಸ ಕಾಯಂ ಆಯಿತು. ನನಗೆ ಗಣಿಯ ಎಲ್ಲ ಬಾಗಿಲೂ ಮುಚ್ಚಿದವು. ಕ್ಯಾಂಟೀನಿನ ಕೆಲಸಕ್ಕೆ ಕೊಟ್ಟಿದ್ದ ಅರ್ಜಿಯನ್ನೂ ಹಿಂದಿರುಗಿಸಿದರು. ಒಳಗೆ ಬಿಡಬಾರದವನೆಂದು ದೊಡ್ಡ ಗೇಟಿನಲ್ಲಿ ನನ್ನ ಫೋಟೋ ಅಂಟಿಸಿದ್ದಾರೆ. ಮ್ಯಾನೇಜರ್ ಫೋಟೋ ಕೂಡ ಅಲ್ಲಿಲ್ಲ.

ಆ ಸಂಜೆ ಅವಳು ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಕೇಳಿದೆ: “ಗುರುತಿಲ್ಲ ಅಂದಿದ್ರೆ ಏನಾಗ್ತಿತ್ತೇ? ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದೆ ನಾನು.”

“ನಾನು ಗುರುತಿಲ್ಲ ಅನ್ನೋದು, ನಾಳೆ ನೀವು ಟೀ ಅಂಗಡೀಲಿ ಕೂತು, ಅದು ನಾನೇ ಕಣ್ರಯ್ಯಾ ಅನ್ನೋದು. ಕೆಲಸವೂ ಹೋಗ್ತಿತ್ತು, ಮಾನವೂ ಹೋಗ್ತಿತ್ತು.”

“ನಾನು ಬಾಯಿ ಬಿಡ್ತಿರಲಿಲ್ಲ.”

ಒಳಗಿದ್ದ ಅಮ್ಮ ನಕ್ಕ ನಗು ಗಣಿಯ ತಳದವರೆಗೂ ಕೇಳಿಸಿರಬೇಕು. ಹೆಂಡತಿ ನಗಲಿಲ್ಲ. ಬೂಟನ್ನು ಬಾಗಿಲ ಬಳಿ ಜೋಡಿಸಿಟ್ಟು ನನ್ನ ಎದುರು ಬಂದು ಕೂತಳು.

“ನೀವು ಆ ನಾಲ್ಕು ಹೆಜ್ಜೆ ಮುಂದೆ ಬಂದ್ರಲ್ಲ,” ಎಂದಳು, “ಇನ್ನೂ ಬಂದಿದ್ರೆ ನನಗೆ ನೀವು ಕಾಣ್ತಾನೇ ಇರಲಿಲ್ಲ ರೀ.”

ಇದಕ್ಕೆ ನನ್ನ ಹತ್ತಿರ ಸಾವಿರ ಉತ್ತರ ಇದ್ದವು. ಎದ್ದು ಹೋಗಿ ಅವಳಿಗೆ ಸ್ನಾನಕ್ಕೆ ನೀರು ಕಾಯಿಸಿದೆ.